ಲೇಬಲ್ ಮುಚ್ಚಿಟ್ಟರೆ ನಾಲಿಗೆ ಏನು ಹೇಳುತ್ತೆ? ಮನೆಯಲ್ಲೊಂದು ಟಕೀಲಾ ಪರೀಕ್ಷೆ

ಇವತ್ತಿನ ಸಂಚಿಕೆಯ ವಿಷಯ: ವಾರಾಂತ್ಯದಲ್ಲಿ ಸ್ನೇಹಿತರನ್ನು ಮನೆಗೆ ಕರೆದು ಟಕೀಲಾ ರುಚಿ ನೋಡುವುದು ಹೇಗೆ. ವಿಜ್ಞಾನದ ಕಾರ್ಯಕ್ರಮದಲ್ಲಿ ಇದೇನಪ್ಪಾ ಹೊಸ ವರಸೆ ಅಂತ ನಗಬೇಡಿ. ರುಚಿ ನೋಡೋದು ಅಂದ್ರೆ ಅಳತೆ ಮಾಡೋದು. ಅಳತೆ ಮಾಡುವ ಉಪಕರಣ ನಮ್ಮ ಮೂಗು ಮತ್ತು ನಾಲಿಗೆ. ಆ ಉಪಕರಣವನ್ನು ಎಷ್ಟರಮಟ್ಟಿಗೆ ನಂಬಬಹುದು ಅನ್ನೋದೇ ಇವತ್ತಿನ ಪಾಠ.

ಶುರು ಮಾಡುವ ಮೊದಲೇ ಒಂದು ಮಾತು. ಕುಡಿಯದವರು ಈ ಸಂಚಿಕೆಯನ್ನು ಬಿಟ್ಟು ಹೋಗಬೇಡಿ. ಕುವೈತ್‌ನಂಥ ಕಡೆ ಇರುವ ಕೇಳುಗರಿಗೆ ಮದ್ಯ ಕಾನೂನಿನಲ್ಲೇ ಇಲ್ಲ. ಇನ್ನು ಕೆಲವರಿಗೆ ಅದು ಬೇಡ, ಅಷ್ಟೇ. ಇಲ್ಲಿ ಹೇಳುವ ವಿಧಾನವನ್ನು ಫಿಲ್ಟರ್ ಕಾಫಿ, ಬೆಲ್ಲ, ಜೇನುತುಪ್ಪ ಯಾವುದರ ಮೇಲೂ ಪ್ರಯೋಗಿಸಬಹುದು. ಅದನ್ನು ಕೊನೆಯಲ್ಲಿ ಹೇಳ್ತೀವಿ.

ಕುಡಿಯುವ ಮೊದಲೇ ಮೆದುಳು ತೀರ್ಪು ಕೊಟ್ಟಿರುತ್ತೆ

ಟಕೀಲಾ ಅಂದ್ರೆ ಬಹಳ ಜನರಿಗೆ ನೆನಪಾಗೋದು ಒಂದೇ ದೃಶ್ಯ. ಕೈಮೇಲೆ ಉಪ್ಪು, ಪಕ್ಕದಲ್ಲಿ ನಿಂಬೆ ಹೋಳು, ಒಂದೇ ಗುಟುಕು, ಆಮೇಲೆ ಮುಖ ಹಿಂಡೋದು. ಹೀಗೆ ಕುಡಿದಾಗ ಮೂಗಿಗೆ ಕೆಲಸವೇ ಇರೋದಿಲ್ಲ. ಉಪ್ಪು ಕಹಿಯನ್ನು ಅಡಗಿಸುತ್ತೆ, ನಿಂಬೆಯ ಹುಳಿ ಮಿಕ್ಕಿದ್ದನ್ನೆಲ್ಲ ಮುಚ್ಚಿಹಾಕುತ್ತೆ. ಆಮೇಲೂ "ಇದು ಒಳ್ಳೇ ಟಕೀಲಾ" ಅಂತ ನಾವು ಹೇಳಿದರೆ, ಆ ಮಾತು ಬಂದದ್ದು ಎಲ್ಲಿಂದ? ಹೆಚ್ಚಾಗಿ ಬಾಟಲಿಯ ಅಂದದಿಂದ, ಬೆಲೆಯಿಂದ.

ಇದು ಬರೀ ಊಹೆಯಲ್ಲ. 2001ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ವಿದ್ಯಾರ್ಥಿಗಳು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. 2008ರಲ್ಲಿ ಅಮೆರಿಕದಲ್ಲಿ ಇನ್ನೊಂದು ಪ್ರಯೋಗ ಆಯಿತು. ಒಂದೇ ವೈನನ್ನು ಒಮ್ಮೆ 10 ಡಾಲರಿನದ್ದು ಅಂತಲೂ, ಇನ್ನೊಮ್ಮೆ 90 ಡಾಲರಿನದ್ದು ಅಂತಲೂ ಹೇಳಿ ಕೊಟ್ಟರು. ದುಬಾರಿ ಅಂತ ಹೇಳಿದಾಗ ಜನ ಹೆಚ್ಚು ಇಷ್ಟಪಟ್ಟರು. ಅಷ್ಟೇ ಅಲ್ಲ, ಮೆದುಳಿನ ಸ್ಕ್ಯಾನ್‌ನಲ್ಲಿ ಸುಖದ ಅನುಭವಕ್ಕೆ ಸಂಬಂಧಪಟ್ಟ ಭಾಗದ ಚಟುವಟಿಕೆಯೂ ಹೆಚ್ಚಾಗಿ ಕಂಡಿತು. ಅಂದರೆ ಅವರು ಸುಳ್ಳು ಹೇಳುತ್ತಿರಲಿಲ್ಲ. ಬೆಲೆ ನಿಜಕ್ಕೂ ರುಚಿಯ ಒಳಗೇ ಸೇರಿಕೊಂಡಿತ್ತು.

ಹಾಗಾಗಿ ನಮ್ಮ ಮನೆಯ ಕೂಟದ ಮುಖ್ಯ ನಿಯಮ ಒಂದೇ: ಲೇಬಲ್ ಮುಚ್ಚಿಡಬೇಕು. ಆದರೆ ಮುಚ್ಚಿಡುವ ಮೊದಲು ಅದನ್ನು ಓದೋಕೆ ಬರಬೇಕು. ಅದಕ್ಕೆ ಗಿಡದಿಂದ ಶುರು ಮಾಡೋಣ.

ನಮ್ಮ ಕತ್ತಾಳೆಯ ನೆಂಟ

ಟಕೀಲಾ ಆಗೋದು ನೀಲಿ ಅಗಾವೆ ಅನ್ನೋ ಗಿಡದಿಂದ. ನೋಡೋಕೆ ಮುಳ್ಳುಮುಳ್ಳಾಗಿರೋದರಿಂದ ಪಾಪಸುಕಳ್ಳಿ ಜಾತಿ ಅಂತ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಇದು ಶತಾವರಿಯ ಕುಟುಂಬಕ್ಕೆ ಸೇರಿದ್ದು. ನಮ್ಮ ಬಯಲುಸೀಮೆಯಲ್ಲಿ ಹೊಲದ ಬದುವಿಗೆ, ರೈಲು ಹಳಿಯ ಪಕ್ಕಕ್ಕೆ ಬೇಲಿಯಾಗಿ ನೆಟ್ಟ ಕತ್ತಾಳೆ ನೋಡಿದ್ದೀರಲ್ಲ, ನಾರು ತೆಗೆದು ಹಗ್ಗ ಹೊಸೆಯೋಕೆ ಬಳಸ್ತಾರಲ್ಲ, ಅದೂ ಅಗಾವೆಯೇ. ಅಮೆರಿಕ ಖಂಡದಿಂದ ಬಂದು ನಮ್ಮಲ್ಲಿ ಬೇರೂರಿದ ಗಿಡ. ಈಗ ದಖ್ಖನ್ ಪ್ರಸ್ಥಭೂಮಿಯ ಅಗಾವೆಯಿಂದ ಭಾರತದಲ್ಲೂ ಮದ್ಯ ತಯಾರಾಗುತ್ತಿದೆ, ಆದರೆ ಅದನ್ನು ಟಕೀಲಾ ಅಂತ ಕರೆಯೋ ಹಾಗಿಲ್ಲ. 1974ರಿಂದ ಆ ಹೆಸರಿಗೆ ಮೂಲಸ್ಥಾನದ ರಕ್ಷಣೆ ಇದೆ. ಮೆಕ್ಸಿಕೋದ ಹಲಿಸ್ಕೋ ರಾಜ್ಯ ಮತ್ತು ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗಗಳಲ್ಲಿ ಬೆಳೆದು ತಯಾರಾದದ್ದು ಮಾತ್ರ ಟಕೀಲಾ. ಟಕೀಲಾ ಅನ್ನೋದು ಹಲಿಸ್ಕೋದಲ್ಲಿರುವ ಒಂದು ಊರಿನ ಹೆಸರು. ಅದರ ಸುತ್ತಲಿನ ಅಗಾವೆ ಹೊಲಗಳು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಈ ಗಿಡ ಬಿಸಿಲಿನಲ್ಲಿ ನೀರು ಉಳಿಸೋದರಲ್ಲಿ ಜಾಣ. ಬಹುಪಾಲು ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಅಗಾವೆ, ಅನಾನಸ್ ಥರ, ರಾತ್ರಿ ತಂಪಿನಲ್ಲಿ ತೆರೆದು ಶೇಖರಿಸಿಟ್ಟುಕೊಂಡು ಹಗಲಲ್ಲಿ ಬಾಗಿಲು ಮುಚ್ಚಿ ಅಡುಗೆ ಮಾಡುತ್ತದೆ. ನೀರು ಉಳಿಯುತ್ತೆ, ಆದರೆ ಬೆಳವಣಿಗೆ ನಿಧಾನ. ಕೊಯ್ಲಿಗೆ ಬರೋಕೆ ಸಾಮಾನ್ಯವಾಗಿ 6ರಿಂದ 8 ವರ್ಷ ಬೇಕು. ಅಷ್ಟೂ ವರ್ಷ ಕೂಡಿಟ್ಟ ಸಕ್ಕರೆ ನಡುವಿನ ಗಡ್ಡೆಯಂಥ ಭಾಗದಲ್ಲಿ ಇರುತ್ತೆ. ಎಲೆ ಸವರಿದ ಮೇಲೆ ಅದು ದೊಡ್ಡ ಅನಾನಸ್ ಹಣ್ಣಿನ ಹಾಗೆ ಕಾಣೋದರಿಂದ ಅದಕ್ಕೆ ಪೀನ್ಯಾ ಅಂತಲೇ ಹೆಸರು, ಸ್ಪ್ಯಾನಿಷ್‌ನಲ್ಲಿ ಅನಾನಸ್ ಅಂತ ಅರ್ಥ. ಕೊಯ್ಯುವ ಕೆಲಸಗಾರ ಹಿಮಡೋರ್. ಉದ್ದ ಹಿಡಿಯ, ದುಂಡನೆಯ ಅಲಗಿನ ಕೋವಾ ಅವನ ಆಯುಧ.

ಆಲೆಮನೆಯ ವಾಸನೆ ಎಲ್ಲಿಂದ ಬಂತು

ಪೀನ್ಯಾದಲ್ಲಿರುವ ಸಕ್ಕರೆ ಫ್ರಕ್ಟಾನ್ ಅನ್ನೋ ಉದ್ದುದ್ದ ಸರಪಳಿಗಳ ರೂಪದಲ್ಲಿರುತ್ತದೆ. ಯೀಸ್ಟ್‌ಗೆ ಇದು ಸುಲಭಕ್ಕೆ ದಕ್ಕೋದಿಲ್ಲ. ಅದಕ್ಕೇ ಬೇಯಿಸಬೇಕು. ಬೇಯಿಸಿದಾಗ ಸರಪಳಿ ಮುರಿದು ಫ್ರಕ್ಟೋಸ್ ಬಿಡುಗಡೆಯಾಗುತ್ತೆ. ಹಳೇ ಪದ್ಧತಿಯ ಇಟ್ಟಿಗೆ ಒಲೆಯಲ್ಲಿ ಇದಕ್ಕೆ ಎರಡು ಮೂರು ದಿನ. ಆಟೋಕ್ಲೇವ್, ಅಂದ್ರೆ ದೈತ್ಯ ಪ್ರೆಶರ್ ಕುಕ್ಕರಿನಲ್ಲಿ, ಅರ್ಧ ದಿನದೊಳಗೆ ಮುಗಿಯುತ್ತೆ. ಕೆಲವು ದೊಡ್ಡ ಕಾರ್ಖಾನೆಗಳು ಡಿಫ್ಯೂಸರ್ ಯಂತ್ರದಲ್ಲಿ ಹಸಿ ಅಗಾವೆಯನ್ನೇ ಚೂರು ಮಾಡಿ, ನೀರು ಹಾಯಿಸಿ ಸಕ್ಕರೆ ತೆಗೆದು, ರಸವನ್ನಷ್ಟೇ ಆಮೇಲೆ ಬೇಯಿಸುತ್ತವೆ.

ಈ ವ್ಯತ್ಯಾಸ ಮೂಗಿಗೆ ಮುಖ್ಯ. ನಿಧಾನವಾಗಿ ಬೇಯುವಾಗ ಸಕ್ಕರೆಯೂ ಅಮೈನೋ ಆಮ್ಲಗಳೂ ಸೇರಿ ಹೊಸ ಹೊಸ ಪರಿಮಳಗಳು ಹುಟ್ಟುತ್ತವೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವಾಗ, ಕೆಂಡದಲ್ಲಿ ಗೆಣಸು ಸುಡುವಾಗ ಬರುವ ಘಮದ ಹಿಂದಿರುವುದೂ ಇದೇ ಬಗೆಯ ಕ್ರಿಯೆ. ಆಮೇಲೆ ಹುದುಗುವಾಗ ಯೀಸ್ಟ್ ಬಾಳೆಹಣ್ಣು, ಗುಲಾಬಿಯ ಸುಳಿವು ಕೊಡುವ ಅಣುಗಳನ್ನು ಸೇರಿಸುತ್ತೆ. ಕನಿಷ್ಠ ಎರಡು ಸಲ ಭಟ್ಟಿ ಇಳಿಸುತ್ತಾರೆ. ಓಕ್ ಮರದ ಪೀಪಾಯಿಯಲ್ಲಿ ಇಟ್ಟರೆ ಮರದಿಂದ ವೆನಿಲಿನ್ ಇಳಿಯುತ್ತೆ, ವೆನಿಲ್ಲಾದ ಪರಿಮಳದ ಮುಖ್ಯ ಅಣು ಅದೇ.

1996ರಲ್ಲಿ ಪ್ರಕಟವಾದ ಒಂದು ಅಧ್ಯಯನ ಟಕೀಲಾದಲ್ಲಿ 175ಕ್ಕೂ ಹೆಚ್ಚು ಘಟಕಗಳನ್ನು ಗುರುತಿಸಿತು. ಮುಖ್ಯವಾದ ಪರಿಮಳಗಳನ್ನು ಆರಿಸಿ ಬೆರೆಸಿ ಟಕೀಲಾದ ವಾಸನೆಯನ್ನು ಮತ್ತೆ ಕಟ್ಟೋಕೆ ಆ ಸಂಶೋಧಕರು ನೋಡಿದರು. ಆಗಲಿಲ್ಲ. ಸಾರಿನ ಪುಡಿಯ ಪಟ್ಟಿ ಇದ್ದ ಮಾತ್ರಕ್ಕೆ ಅಮ್ಮನ ಸಾರು ಆಗಲ್ಲ ಅನ್ನೋ ಹಾಗೆ.

ಬಾಟಲಿ ಕೊಳ್ಳುವಾಗ ನಾಲ್ಕು ಮಾತು

ಮೊದಲನೆಯದು, 100% ಅಗಾವೆ ಅಂತ ಬರೆದಿದೆಯಾ ನೋಡಿ. ಬರೀ ಟಕೀಲಾ ಅಂತ ಇದ್ದರೆ ಅದರ ಸಕ್ಕರೆಯಲ್ಲಿ 51% ಮಾತ್ರ ಅಗಾವೆಯದಿದ್ದರೂ ಸಾಕು. ಉಳಿದದ್ದು ಕಬ್ಬಿನಂಥ ಬೇರೆ ಮೂಲದ್ದು. ಇದನ್ನು ಮಿಕ್ಸ್ತೋ ಅಂತಾರೆ.

ಎರಡನೆಯದು, ವಯಸ್ಸು. ಪೀಪಾಯಿ ಕಾಣದ ಅಥವಾ ಎರಡು ತಿಂಗಳಿಗಿಂತ ಕಡಿಮೆ ಇಟ್ಟದ್ದು ಬ್ಲಾಂಕೋ. ಕನಿಷ್ಠ ಎರಡು ತಿಂಗಳು ಇಟ್ಟದ್ದು ರೆಪೊಸಾಡೋ, ಒಂದು ವರ್ಷ ಇಟ್ಟದ್ದು ಅನ್ಯೆಹೋ, ಮೂರು ವರ್ಷ ಇಟ್ಟದ್ದು ಎಕ್ಸ್‌ಟ್ರಾ ಅನ್ಯೆಹೋ.

ಮೂರನೆಯದು, ಬಣ್ಣ ನಂಬಬೇಡಿ. ಪೀಪಾಯಿಯಲ್ಲಿಟ್ಟ ವಿಧಗಳಿಗೆ ಕ್ಯಾರಮೆಲ್ ಬಣ್ಣ, ಓಕ್ ಸತ್ವ, ಗ್ಲಿಸರಿನ್, ಸಕ್ಕರೆ ಪಾಕ ಇವನ್ನು ಒಟ್ಟು ತೂಕದ 1% ಮೀರದಂತೆ ಸೇರಿಸಲು ನಿಯಮ ಬಿಡುತ್ತೆ, ಲೇಬಲ್ ಮೇಲೆ ಹೇಳಲೇಬೇಕೆಂದಿಲ್ಲ. ಕ್ರಿಸ್ಟಲಿನೋ ಅನ್ನೋದು ಇದಕ್ಕೆ ಉಲ್ಟಾ. ಪೀಪಾಯಿಯಲ್ಲಿಟ್ಟ ಟಕೀಲಾವನ್ನು ಇದ್ದಿಲಿನಲ್ಲಿ ಸೋಸಿ ಬಣ್ಣ ತೆಗೆದದ್ದು.

ನಾಲ್ಕನೆಯದು, ನೋಮ್ ಸಂಖ್ಯೆ. ಲೇಬಲ್ ಮೇಲೆ ನಾಲ್ಕು ಅಂಕಿಯ ಈ ಸಂಖ್ಯೆ ಇರುತ್ತೆ, ಯಾವ ಭಟ್ಟಿಯಲ್ಲಿ ತಯಾರಾಯಿತು ಅಂತ ಹೇಳುತ್ತೆ. ಒಂದೇ ಸಂಖ್ಯೆಯಡಿ ಹಲವು ಬ್ರ್ಯಾಂಡ್‌ಗಳು ಹೊರಬರೋದು ಸಾಮಾನ್ಯ. ಅಂಗಡಿಯಲ್ಲಿ ಎರಡು ಬೆಲೆಯ ಎರಡು ಬಾಟಲಿ ಹಿಡಿದು ಈ ಸಂಖ್ಯೆ ಹೋಲಿಸಿ ನೋಡಿ, ಕೆಲವೊಮ್ಮೆ ಆಶ್ಚರ್ಯ ಕಾದಿರುತ್ತೆ.

ನಮ್ಮ ಕೂಟಕ್ಕೆ ನಾಲ್ಕು ಬಾಟಲಿ ಸಾಕು. ಒಂದೇ ಭಟ್ಟಿಯ, ಒಂದೇ ಬ್ರ್ಯಾಂಡಿನ ಬ್ಲಾಂಕೋ, ರೆಪೊಸಾಡೋ, ಅನ್ಯೆಹೋ. ಜೊತೆಗೆ ಬೇರೆ ಬೆಲೆಯ ಇನ್ನೊಂದು ಬ್ಲಾಂಕೋ. ಸ್ನೇಹಿತರು ಹಂಚಿಕೊಂಡು ತಂದರೆ ಯಾರಿಗೂ ಹೊರೆಯಾಗೋದಿಲ್ಲ.

ಮೇಜು ಸಿದ್ಧ ಮಾಡುವುದು

ಮೊದಲು ಊಟ. ಖಾಲಿ ಹೊಟ್ಟೆಯಲ್ಲಿ ಆಲ್ಕೋಹಾಲ್ ಬೇಗ ರಕ್ತಕ್ಕೆ ಸೇರುತ್ತೆ. ಮೊಸರನ್ನದಂಥ ಸಪ್ಪೆ ಊಟ ಒಳ್ಳೇದು. ಮಿರ್ಚಿ ಬಜ್ಜಿ, ಖಾರದ ಕೋಡುಬಳೆ ಆಮೇಲಕ್ಕೆ ಇರಲಿ. ಕಾರಣ ಇದೆ. ನಮ್ಮ ಬಾಯಲ್ಲಿ ಬಿಸಿಯನ್ನು ಗ್ರಹಿಸುವ ಟಿಆರ್‌ಪಿವಿ1 ಅನ್ನೋ ಗ್ರಾಹಕ ಇದೆ. ಸಾಮಾನ್ಯವಾಗಿ ಅದು ಸುಮಾರು 42 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಚ್ಚರಗೊಳ್ಳುತ್ತೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದನ್ನೇ ಕೆಣಕುತ್ತೆ, ಅದಕ್ಕೇ ಖಾರ ಉರಿಯೋದು. 2002ರ ಒಂದು ಸಂಶೋಧನೆಯ ಪ್ರಕಾರ ಎಥೆನಾಲ್ ಈ ಮಿತಿಯನ್ನು ಸುಮಾರು 34 ಡಿಗ್ರಿಗೆ ಇಳಿಸುತ್ತದೆ. ಮೈಯ ಬಿಸಿಯೇ 37 ಡಿಗ್ರಿ ಆಸುಪಾಸು. ಅಂದರೆ ಸ್ವಂತ ಬಾಯಿಯ ಬಿಸಿಯೇ ಸುಡೋ ಹಾಗೆ ಅನಿಸುತ್ತೆ. ಇದರ ಮೇಲೆ ಮೆಣಸಿನಕಾಯಿ ಬಿದ್ದರೆ ರುಚಿ ಹುಡುಕೋ ಮಾತೇ ಇಲ್ಲ. ಮೇಜಿನ ಮೇಲೆ ಸಪ್ಪೆ ಮಂಡಕ್ಕಿ, ಸೌತೆಕಾಯಿ, ಬ್ರೆಡ್ಡು, ಧಾರಾಳವಾಗಿ ನೀರು ಇಡಿ.

ಊದುಬತ್ತಿ ಹಚ್ಚಬೇಡಿ, ಸೆಂಟ್ ಬೇಡ, ಒಗ್ಗರಣೆ ಹಾಕಿದ್ದರೆ ಕಿಟಕಿ ತೆಗೆದು ವಾಸನೆ ಹೋಗೋವರೆಗೂ ಕಾಯಿರಿ. ಲೋಟ ಕಿರಿದಾದ ಬಾಯಿಯ ವೈನ್ ಗ್ಲಾಸ್ ಆದರೆ ಸಾಕು. ತಣ್ಣಗೆ ಮಾಡಬೇಡಿ, ತಂಪಾದಷ್ಟೂ ಪರಿಮಳ ಮೇಲೇಳೋದಿಲ್ಲ.

ಅಳತೆ: ಪ್ರತಿ ಲೋಟಕ್ಕೆ 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚ. ಕಡಿಮೆ ಆಯ್ತು ಅನ್ನಿಸಬಹುದು, ಮೂಗಿಗೆ ಇದು ಧಾರಾಳ. ಪ್ರತಿಯೊಬ್ಬರ ಮುಂದೆ ಉಗುಳೋಕೆ ಒಂದು ಖಾಲಿ ಕಪ್ಪೂ ಇಡಿ. ವೃತ್ತಿಪರ ರುಚಿಗಾರರು ಉಗುಳಿಯೇ ಕೆಲಸ ಮಾಡೋದು, ಅದರಲ್ಲಿ ನಾಚಿಕೆ ಏನಿಲ್ಲ.

ಮೊದಲ ಸುತ್ತು: ಕಣ್ಣು ತೆರೆದು

ಬ್ಲಾಂಕೋ, ರೆಪೊಸಾಡೋ, ಅನ್ಯೆಹೋ, ಇದೇ ಕ್ರಮದಲ್ಲಿ. ಮರದ ವಾಸನೆ ಗಟ್ಟಿಯಾಗಿ ಉಳಿಯೋದರಿಂದ ಅದು ಕೊನೆಗೆ. ಭಟ್ಟಿ ಒಂದೇ, ಬ್ರ್ಯಾಂಡ್ ಒಂದೇ ಇರೋದರಿಂದ ಬದಲಾಗಿರೋದು ಮುಖ್ಯವಾಗಿ ಪೀಪಾಯಿಯ ಕಾಲ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅಂತ ಶಾಲೆಯಲ್ಲಿ ಓದಿದ್ದು ಇದೇ.

ಲೋಟವನ್ನು ಜೋರಾಗಿ ತಿರುಗಿಸಬೇಡಿ. ಗದ್ದದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಮೂಸಿ. ಮೂಗನ್ನು ಲೋಟದೊಳಗೆ ತೂರಿಸಿದರೆ ಎಥೆನಾಲ್ ಚುಚ್ಚಿ ಮೂಗು ಮಂಕಾಗುತ್ತೆ. ಆಮೇಲೆ ಒಂದು ಹನಿಯಷ್ಟು ನಾಲಿಗೆಯ ಮೇಲೆ ಹರಡಿ, ನುಂಗಿ ಅಥವಾ ಉಗುಳಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಅನ್ನೋದರಲ್ಲಿ ಬಹುಪಾಲು ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ. ನೆಗಡಿಯಾದಾಗ ಊಟ ಸಪ್ಪೆ ಅನಿಸೋದು ಅದಕ್ಕೇ.

ಈಗ ಬರೆದುಕೊಳ್ಳಿ, ಕನ್ನಡದಲ್ಲಿ. ಇಂಗ್ಲಿಷಿನ ರುಚಿ ಪಟ್ಟಿಗಳಲ್ಲಿ ನಾವು ತಿಂದೇ ಇಲ್ಲದ ಹಣ್ಣುಗಳು, ಕಂಡೇ ಇಲ್ಲದ ಹೂಗಳು ತುಂಬಿರುತ್ತವೆ. ಮೂಗು ಗುರುತಿಸೋದು ತನ್ನ ನೆನಪಿನಲ್ಲಿ ಇರೋದನ್ನ. ಜೋನಿಬೆಲ್ಲ, ಸುಟ್ಟ ಗೆಣಸು, ಹಸಿ ಕಬ್ಬಿನ ಸಿಪ್ಪೆ, ಒಗರು, ಕಮಟು, ಮಳೆ ಬಿದ್ದ ಮಣ್ಣು, ಕಾಳುಮೆಣಸು, ಹಳೇ ಮರದ ಪೆಟ್ಟಿಗೆ, ಯಾವುದು ಹೊಳೆದರೂ ಬರೆಯಿರಿ. ಎಲ್ಲರೂ ಬರೆದು ಮುಗಿಸೋವರೆಗೂ ಯಾರೂ ಜೋರಾಗಿ ಹೇಳಬಾರದು. ಒಬ್ಬರು "ವೆನಿಲ್ಲಾ" ಅಂದ್ರೆ ಮಿಕ್ಕವರಿಗೂ ವೆನಿಲ್ಲಾನೇ ಬರುತ್ತೆ.

ಎರಡನೇ ಸುತ್ತು: ಮೂರರಲ್ಲಿ ಒಂದು ಬೇರೆ

ಇದು ಆಹಾರ ವಿಜ್ಞಾನದ ಪ್ರಯೋಗಾಲಯಗಳಲ್ಲಿ ನಿಜವಾಗಿಯೂ ಬಳಸುವ ವಿಧಾನ, ತ್ರಿಕೋನ ಪರೀಕ್ಷೆ. ಎರಡು ಬ್ಲಾಂಕೋ ಇದೆಯಲ್ಲ, ಅಗ್ಗದ್ದು ಅ, ದುಬಾರಿಯದ್ದು ಬ ಅಂತಿಟ್ಟುಕೊಳ್ಳಿ. ಎರಡೂ ನೀರಿನ ಹಾಗೆ ತಿಳಿಯಾಗಿರೋದರಿಂದ ಕಣ್ಣಿಗೆ ಸುಳಿವು ಸಿಗಲ್ಲ. ಪ್ರತಿಯೊಬ್ಬರಿಗೂ ಮೂರು ಲೋಟ. ಎರಡರಲ್ಲಿ ಒಂದೇ ಟಕೀಲಾ, ಒಂದರಲ್ಲಿ ಬೇರೆ. ಬೇರೆಯದ್ದು ಯಾವುದು ಹೇಳಬೇಕು, ಅಷ್ಟೇ. ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ.

ಸುರಿಯೋ ಕೆಲಸ ಕುಡಿಯದ ಒಬ್ಬ ಸ್ನೇಹಿತರದ್ದು. ಅವರೇ ಈ ಸಂಜೆಯ ಮುಖ್ಯ ವಿಜ್ಞಾನಿ. ಅಡುಗೆಮನೆಯಲ್ಲಿ ಸುರಿದು, ಲೋಟಗಳಿಗೆ ಮೂರಂಕಿಯ ಸಂಖ್ಯೆ ಅಂಟಿಸಿ, ಪಟ್ಟಿ ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಲೋಟ ತಂದು ಕೊಡೋರು ಇನ್ನೊಬ್ಬರಾದರೆ ಇನ್ನೂ ಒಳ್ಳೇದು, ಮುಖಭಾವದಿಂದಲೂ ಉತ್ತರ ಸೋರೋದಿಲ್ಲ. ಮೂರು ಲೋಟ ಜೋಡಿಸುವ ಕ್ರಮಗಳು ಒಟ್ಟು ಆರು: ಅಅಬ, ಅಬಅ, ಬಅಅ, ಬಬಅ, ಬಅಬ, ಅಬಬ. ಆರು ಜನ ಇದ್ದರೆ ಒಬ್ಬೊಬ್ಬರಿಗೆ ಒಂದೊಂದು ಕ್ರಮ.

ಈಗ ಲೆಕ್ಕ. ಏನೂ ಗೊತ್ತಾಗದೆ ಬರೀ ಊಹಿಸಿದರೂ ಸರಿಯಾಗುವ ಸಾಧ್ಯತೆ ಮೂರರಲ್ಲಿ ಒಂದು. ಹಾಗಾಗಿ ಆರರಲ್ಲಿ ಇಬ್ಬರು ಸರಿ ಹೇಳಿದರೆ ಏನೂ ಸಾಬೀತಾಗಲಿಲ್ಲ. ನಾಲ್ಕು ಅಥವಾ ಹೆಚ್ಚು ಜನ ಊಹೆಯಿಂದಲೇ ಸರಿ ಹೇಳುವ ಸಾಧ್ಯತೆ 729ರಲ್ಲಿ 73, ಸುಮಾರು 10%. ಇನ್ನೂ ಅನುಮಾನಕ್ಕೆ ಜಾಗ ಇದೆ. ಐದು ಅಥವಾ ಆರು ಜನ ಸರಿ ಹೇಳಿದರೆ? ಊಹೆಯಿಂದ ಹಾಗಾಗುವ ಸಾಧ್ಯತೆ 729ರಲ್ಲಿ 13, ಅಂದರೆ 2%ಗಿಂತ ಕಡಿಮೆ. ಆಗ ಈ ಗುಂಪಿನ ಮೂಗಿಗೆ ವ್ಯತ್ಯಾಸ ತಿಳಿಯುತ್ತೆ ಅಂತ ಧೈರ್ಯವಾಗಿ ಹೇಳಬಹುದು. ತಿಳಿಯದೇ ಹೋದರೆ ಅದೂ ಒಳ್ಳೇ ಸುದ್ದಿಯೇ, ಮುಂದಿನ ಸಲ ಅಗ್ಗದ ಬಾಟಲಿ ತಂದರಾಯಿತು.

ಮನೆಗೆ ಹೋಗುವ ಮಾತು

ಮೊದಲ ಸುತ್ತು 30, ಎರಡನೇ ಸುತ್ತು 30, ಒಟ್ಟು 60 ಮಿಲಿಲೀಟರ್. ಊರಿನ ಲೆಕ್ಕದಲ್ಲಿ ಒಂದು ಲಾರ್ಜ್. 40% ಟಕೀಲಾ ಆದರೆ ಇದರಲ್ಲಿ ಸುಮಾರು 19 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ಅಮೆರಿಕದ ಒಂದು ಪ್ರಮಾಣಿತ ಡ್ರಿಂಕ್ 14 ಗ್ರಾಂ, ಆಸ್ಟ್ರೇಲಿಯಾದ್ದು 10 ಗ್ರಾಂ. ಬ್ರಿಟನ್ನಿನ ಲೆಕ್ಕದಲ್ಲಿ ಇದು 2.4 ಯೂನಿಟ್. ಎಲ್ಲವನ್ನೂ ನುಂಗಿದವರ ದೇಹ ಇದನ್ನು ಕರಗಿಸೋಕೆ ಸಾಮಾನ್ಯವಾಗಿ ಎರಡು ಮೂರು ಗಂಟೆ ತಗೊಳ್ಳುತ್ತೆ, ಕೆಲವರಿಗೆ ಇನ್ನೂ ಹೆಚ್ಚು. ಸ್ಟ್ರಾಂಗ್ ಕಾಫಿ ಕುಡಿದರೆ ಎಚ್ಚರ ಬರಬಹುದು, ಲಿವರಿನ ಕೆಲಸ ಬೇಗ ಆಗೋದಿಲ್ಲ. ಹಾಗಾಗಿ ನುಂಗಿದವರು ಆ ರಾತ್ರಿ ಗಾಡಿ ಓಡಿಸಬಾರದು. ಕರೆಯುವಾಗಲೇ "ವಾಪಸ್ ಹೇಗೆ ಹೋಗ್ತೀರಿ?" ಅಂತ ಕೇಳಿಬಿಡಿ. ಹಾಸಿಗೆ ಹಾಸಿಕೊಡಿ, ಟ್ಯಾಕ್ಸಿ ಕರೆಯಿರಿ.

ಆರೋಗ್ಯದ ಮಟ್ಟಿಗೆ ಯಾವ ಪ್ರಮಾಣದ ಮದ್ಯವೂ ಸುರಕ್ಷಿತವಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳೋರಿಗೆ ಮದ್ಯದಿಂದ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಯಾರಾದರೂ "ನನಗೆ ಬೇಡ" ಅಂದ್ರೆ ಯಾಕೆ ಅಂತ ಕೇಳಬೇಡಿ, ಒತ್ತಾಯ ಬೇಡವೇ ಬೇಡ. ಮೂಸಿ ಬರೆಯೋರು ಕುಡಿಯಲೇಬೇಕಿಲ್ಲ.

ಇನ್ನು ಕುಡಿಯದವರ ಕೂಟಕ್ಕೆ ಮಾತು ಕೊಟ್ಟಿದ್ದೆವಲ್ಲ. 80ಕ್ಕೆ 20 ಚಿಕೋರಿ ಬೆರೆತ ಕಾಫಿ ಪುಡಿ ಒಂದು, 70ಕ್ಕೆ 30ರದ್ದು ಇನ್ನೊಂದು. ಒಂದೇ ಅಳತೆಯ ಡಿಕಾಕ್ಷನ್, ಬಣ್ಣ ಕಾಣದಂಥ ಮುಚ್ಚಳದ ಕಪ್ಪು, ಅದೇ ತ್ರಿಕೋನ ಪರೀಕ್ಷೆ, ಅದೇ ಲೆಕ್ಕ. "ನಮ್ಮನೆ ಕಾಫಿ ಕಣ್ಣು ಮುಚ್ಚಿ ಹೇಳ್ತೀನಿ" ಅನ್ನೋರು ಎಲ್ಲರ ಮನೆಯಲ್ಲೂ ಒಬ್ಬರು ಇದ್ದೇ ಇರ್ತಾರೆ.

ಲೋಟದ ತಳದಲ್ಲಿ ಒಂದು ಬಾವಲಿ

ಕೊನೆಯದಾಗಿ ಗಿಡಕ್ಕೇ ವಾಪಸ್ ಹೋಗೋಣ. ಅಗಾವೆ ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತೆ. ಕೂಡಿಟ್ಟ ಸಕ್ಕರೆಯೆಲ್ಲ ಹೂಗೊಂಚಲಿಗೆ ಹರಿದುಹೋಗುವುದರಿಂದ ರೈತರು ಹೂದಂಡನ್ನು ಮೊದಲೇ ಕತ್ತರಿಸುತ್ತಾರೆ. ಹೊಸ ಗಿಡ ಬೇಕಾದಾಗ ಬಾಳೆಯ ಕಂದುಗಳ ಹಾಗೆ ಬುಡದ ಮರಿಗಳನ್ನು ಕಿತ್ತು ನೆಡುತ್ತಾರೆ. ಪರಿಣಾಮ, ಹೊಲದ ತುಂಬ ಹೆಚ್ಚುಕಡಿಮೆ ಒಂದೇ ಗಿಡದ ನಕಲುಗಳು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತೆ. 1990ರ ದಶಕದ ಕೊನೆಯಲ್ಲಿ ಹಾಗೆಯೇ ಆಯಿತು, ರೋಗ ಹರಡಿ ಅಗಾವೆಗೆ ದೊಡ್ಡ ಕೊರತೆ ಬಂತು. ಇನ್ನೊಂದು ಕಡೆ, ರಾತ್ರಿ ಹೂವಿನ ಮಕರಂದ ಹೀರಿ ಪರಾಗ ಸಾಗಿಸುವ ಉದ್ದ ಮೂಗಿನ ಬಾವಲಿಗೆ ಊಟವೇ ಇಲ್ಲದಂತಾಯಿತು. ಈಗ ಕೆಲವು ಬೆಳೆಗಾರರು ಹೊಲದ ಸುಮಾರು 5% ಗಿಡಗಳನ್ನು ಹೂ ಬಿಡಲು ಉಳಿಸುತ್ತಿದ್ದಾರೆ. ಬಾವಲಿಗೆ ಮಕರಂದ, ಗಿಡಕ್ಕೆ ಬೀಜದ ಮೂಲಕ ಹೊಸ ವೈವಿಧ್ಯ. ಸಂರಕ್ಷಣೆಯ ಹಲವು ಪ್ರಯತ್ನಗಳ ನಂತರ 2018ರಲ್ಲಿ ಅಮೆರಿಕ ಈ ಬಾವಲಿಯನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಿಂದ ತೆಗೆಯಿತು.

ಒಂದು ಗಿಡ ಏಳೆಂಟು ವರ್ಷ ಕೂಡಿಟ್ಟದ್ದನ್ನ ಒಂದೇ ಗುಟುಕಿನಲ್ಲಿ ಮುಗಿಸೋದಕ್ಕಿಂತ, ಎರಡು ಚಮಚ ತಗೊಂಡು ಹತ್ತು ನಿಮಿಷ ಅದರ ಜೊತೆ ಕೂರೋಣ. ಈ ಸಂಚಿಕೆಯ ಮನೆಗೆಲಸ ಇದೇ: ಟಕೀಲಾ ಆಗಲಿ, ಕಾಫಿ ಆಗಲಿ, ಒಂದು ತ್ರಿಕೋನ ಪರೀಕ್ಷೆ ಮಾಡಿ, ಆರರಲ್ಲಿ ಎಷ್ಟು ಜನ ಸರಿ ಹೇಳಿದರು ಅಂತ ನಮಗೆ ಬರೆಯಿರಿ. ಸೋತವರ ಲೆಕ್ಕವನ್ನೂ ಮರೆಯದೆ ಕಳಿಸಿ, ಗೆದ್ದವರದ್ದು ಮಾತ್ರ ಬಂದರೆ ಲೆಕ್ಕ ಕೆಡುತ್ತೆ.